ಅಪ್ಪ ಕೇಳಿದ ಒಂದು ಪ್ರಶ್ನೆ

ಕಳೆದ ಟೊಮೆಟೊ ಸೀಸನ್‌ನಲ್ಲಿ ನಮ್ಮ ಪಿಕಪ್ ಗಾಡಿ ಅಳೋಕೆ ಶುರು ಮಾಡಿತು. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಬಾನೆಟ್ ಒಳಗಿಂದ ‘ಗುಂಯ್’ ಅಂತ ಸದ್ದು. ಗಾಡಿ ಬರೋ ಮೊದಲೇ ಸದ್ದು ಊರಿಗೆ ಬರ್ತಿತ್ತು.

ಗಾಡಿ ಓಡಿಸೋದು ನಮ್ಮಣ್ಣ. ಶ್ರೀನಿವಾಸಪುರ ಕಡೆಯ ನಮ್ಮೂರಿಂದ ರಾತ್ರಿ ಲೋಡ್ ಮಾಡಿಕೊಂಡು, ಬೆಳಗಿನ ಹರಾಜಿಗೆ ಕೋಲಾರದ ಮಾರುಕಟ್ಟೆ ಸೇರಬೇಕು. ನಮ್ಮ ಬಾಕ್ಸ್‌ಗಳ ಜೊತೆ ಅಕ್ಕಪಕ್ಕದ ನಾಲ್ಕು ಮನೆಯವರ ಬಾಕ್ಸ್‌ಗಳೂ ಅದರಲ್ಲೇ ಹೋಗಬೇಕು. ಆ ಬಾಡಿಗೆ ದುಡ್ಡಲ್ಲೇ ಗಾಡಿಯ ಕಂತು.

ಮೊದಮೊದಲು ಬರೀ ಸದ್ದು. ವಾರ ಕಳೆಯೋದರಲ್ಲಿ ಸ್ಟೇರಿಂಗ್ ಒಂದು ಸಲ ಹಗುರ, ಇನ್ನೊಂದು ಸಲ ಕಲ್ಲಿನಂತೆ ಬಿಗಿ. ಒಂದು ರಾತ್ರಿ ಕೆರೆ ಕಟ್ಟೆಯ ತಿರುವಿನಲ್ಲಿ ತುಂಬಿದ ಗಾಡಿ ತಿರುಗಲೇ ಇಲ್ಲ. ಎರಡೂ ಕೈಯಲ್ಲಿ ಜಗ್ಗಿ ಹೇಗೋ ಉಳಿಸಿಕೊಂಡು ಬಂದ. ‘ಅಮ್ಮನಿಗೆ ಹೇಳಬೇಡ’ ಅಂದ. ಅವನ ಕೈ ಇನ್ನೂ ನಡುಗುತ್ತಿತ್ತು.

ಮರುದಿನ ಪೇಟೆಯ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ಸದ್ದು ಕೇಳಿದರು, ಸ್ವಲ್ಪ ಆಯಿಲ್ ಹಾಕಿದರು, ‘ಪಂಪ್ ಹೋಗಿದೆ, 12,000 ಆಗುತ್ತೆ’ ಅಂದರು. ಅವತ್ತು ಟೊಮೆಟೊ ರೇಟು ಬಿದ್ದಿತ್ತು. ಮನೆಗೆ ಬಂದು ವಿಷಯ ಹೇಳಿದಾಗ ಅಮ್ಮ ಏನೂ ಮಾತಾಡಲಿಲ್ಲ, ಕೊರಳ ಸರ ಮುಟ್ಟಿ ನೋಡಿಕೊಂಡಳು.

ಅಪ್ಪನಿಗೆ ಗಾಡಿ ಓಡಿಸೋಕೆ ಬರಲ್ಲ. ಜಗುಲಿ ಮೇಲೆ ಕೂತಿದ್ದವರು ಕೇಳಿದರು:

‘ಆಯಿಲ್ ಕೆಳಗೆ ಸೋರ್ತಾ ಐತೇನೋ?’

‘ಇಲ್ಲಪ್ಪ, ನೆಲದ ಮೇಲೆ ಒಂದು ಹನಿ ಇಲ್ಲ.’

‘ಡಬ್ಬದಾಗೆ ನೋಡಿದ್ರಾ?’

ನೋಡಿರಲಿಲ್ಲ. ಮುಚ್ಚಳ ತೆಗೆದೆವು. ಆಯಿಲ್ ಮೇಲೆ ಆಗಷ್ಟೇ ಕರೆದ ಹಾಲಿನ ಥರ ನೊರೆ.

‘ಗಾಳಿ ಎಳೀತಾ ಐತೆ. ನಮ್ಮ ಬಾವಿ ಮೋಟ್ರು ಎಳೀತಿರಲಿಲ್ವಾ, ಹಂಗೆ.’

ನಮ್ಮ ಬಾವಿ ಬತ್ತಿ ವರ್ಷಗಳಾದವು. ಆದರೆ ಆ ಮೋಟಾರು ನನಗೆ ನೆನಪಿದೆ. ಮೋಟಾರಿಂದ ಹೊಲಕ್ಕೆ ಹೋಗೋ ಪೈಪು ತೂತಾದರೆ ನೀರು ಚಿಮ್ಮುತ್ತೆ, ಎಲ್ಲರಿಗೂ ಕಾಣುತ್ತೆ. ಬಾವಿಯಿಂದ ನೀರು ಎಳೆಯೋ ಪೈಪಿನ ಜಾಯಿಂಟ್ ಸಡಿಲವಾದರೆ ನೀರು ಹೊರಗೆ ಬರಲ್ಲ, ಗಾಳಿ ಒಳಗೆ ಹೋಗುತ್ತೆ. ಮೋಟಾರು ಬರೀ ಸದ್ದು ಮಾಡುತ್ತೆ. ಆಗ ಅಪ್ಪ ಜಾಯಿಂಟಿಗೆ ಹಳೇ ಸೈಕಲ್ ಟ್ಯೂಬ್ ಸುತ್ತುತ್ತಿದ್ದರು.

ಪವರ್ ಸ್ಟೇರಿಂಗೂ ಅದೇ ಲೆಕ್ಕ. ಡಬ್ಬದಿಂದ ಪಂಪ್ ಆಯಿಲ್ ಎಳೆದು, ಒತ್ತಡದಿಂದ ಮುಂದಕ್ಕೆ ತಳ್ಳುತ್ತೆ. ಆಯಿಲ್ ಕುಗ್ಗಲ್ಲ, ಅದಕ್ಕೇ ಆ ಬಲದಲ್ಲಿ ಚಕ್ರ ತಿರುಗುತ್ತೆ. ಗಾಳಿ ಕುಗ್ಗುತ್ತೆ. ಗಾಳಿ ಸೇರಿದರೆ ಬಲ ಅಲ್ಲೇ ಕಳೆದುಹೋಗುತ್ತೆ.

ಇಂಜಿನ್ ಆಫ್ ಮಾಡಿ, ಆರಿದ ಮೇಲೆ ಡಬ್ಬದಿಂದ ಪಂಪಿಗೆ ಹೋಗೋ ರಬ್ಬರ್ ಪೈಪು ಹಿಡಿದು ನೋಡಿದೆವು. ಕ್ಲಿಪ್ಪು ಕೈಯಲ್ಲೇ ತಿರುಗುತ್ತಿತ್ತು. ಪೈಪಿನ ತುದಿ ಒಣಗಿ ಸಣ್ಣ ಬಿರುಕು ಬಿಟ್ಟಿತ್ತು. ಅಪ್ಪ ಜಾಯಿಂಟಿನ ಸುತ್ತ ದಪ್ಪಗೆ ಗ್ರೀಸ್ ಮೆತ್ತಿದರು. ಇಂಜಿನ್ ಚಾಲೂ ಮಾಡಿ ಸ್ಟೇರಿಂಗ್ ತಿರುಗಿಸಿದರೆ ಸದ್ದು ಅರ್ಧಕ್ಕರ್ಧ ಕಡಿಮೆ! ಕಳ್ಳ ಸಿಕ್ಕಿದ್ದ.

ಗ್ರೀಸು ಪರೀಕ್ಷೆಗೆ ಮಾತ್ರ, ಅದರ ಮೇಲೆ ಗಾಡಿ ಓಡಿಸಬಾರದು. ಅದೇ ಮೆಕ್ಯಾನಿಕ್ ಹತ್ತಿರ ಹೋಗಿ ಹೊಸ ಪೈಪು, ಎರಡು ಕ್ಲಿಪ್ಪು ಹಾಕಿಸಿದೆವು. ಆಮೇಲೆ ಅವರು ಗಾಳಿ ತೆಗೆದ ರೀತಿ ನೋಡಿಕೊಂಡೆ. ಮುಂದಿನ ಚಕ್ರ ಎರಡನ್ನೂ ಎತ್ತಿ, ಬರೀ ಜಾಕಿ ನಂಬದೆ ಗಟ್ಟಿ ಸ್ಟ್ಯಾಂಡ್ ಕೊಟ್ಟರು. ಇಂಜಿನ್ ಆಫ್ ಇರುವಾಗಲೇ ಸ್ಟೇರಿಂಗನ್ನು ಆ ತುದಿಯಿಂದ ಈ ತುದಿಗೆ ನಿಧಾನವಾಗಿ ಸುಮಾರು 20 ಸಲ ತಿರುಗಿಸಿದರು. ಡಬ್ಬದಲ್ಲಿ ಗುಳ್ಳೆ ಏಳುತ್ತಾ, ಆಯಿಲ್ ಇಳಿಯುತ್ತಾ ಹೋಯಿತು. ಇಳಿದಂತೆಲ್ಲ ಗಾಡಿಯ ಪುಸ್ತಕದಲ್ಲಿ ಹೇಳಿರೋ ಆಯಿಲನ್ನೇ ಹಾಕಿದರು. ಗುಳ್ಳೆ ನಿಂತ ಮೇಲೆ ಇಂಜಿನ್ ಚಾಲೂ ಮಾಡಿ, ಆಕ್ಸಿಲೇಟರ್ ಕೊಡದೆ ಮತ್ತೆ ತಿರುಗಿಸಿದರು. ತುದಿಗೆ ಹೋದಾಗ ಅಲ್ಲೇ ಒತ್ತಿ ಹಿಡಿಯಲಿಲ್ಲ, ಹಾಗೆ ಹಿಡಿದರೆ ಪಂಪಿಗೇ ಪೆಟ್ಟು. ನೊರೆ ಪೂರ್ತಿ ಹೋಗೋಕೆ ಸ್ವಲ್ಪ ಹೊತ್ತು ಕಾದೆವು.

ಎಲ್ಲ ಸೇರಿ ಸಾವಿರ ರೂಪಾಯಿ ಒಳಗೇ ಮುಗಿಯಿತು.

ಮೆಕ್ಯಾನಿಕ್ ಮೋಸ ಮಾಡಿದರು ಅಂತ ನಾನು ಹೇಳಲ್ಲ. ಪಂಪ್ ಹಾಳಾದಾಗಲೂ ಇದೇ ಥರ ಸದ್ದು ಬರುತ್ತೆ. ಗಾಳಿ ತೆಗೆದ ಮೇಲೂ ಸದ್ದು ಉಳಿದರೆ, ಆಯಿಲ್‌ನಲ್ಲಿ ಕಬ್ಬಿಣದ ಪುಡಿ ಮಿನುಗಿದರೆ ಪಂಪನ್ನೇ ಅನುಮಾನಿಸಬೇಕು. ಅದನ್ನು ಮೊದಲು ನೋಡೋದಲ್ಲ, ಕೊನೆಗೆ ನೋಡೋದು. ಸ್ಟೇರಿಂಗ್ ಬಿಗಿಯಾದ ಗಾಡಿಗೆ ಮಾತ್ರ ಯಾವ ಹರಾಜಿಗೂ ಲೋಡ್ ಹಾಕಬೇಡಿ. ನಾವು ಒಂದು ವಾರ ಹಾಗೇ ಓಡಿಸಿದ್ದೆವು, ಅದು ತಪ್ಪು.

ಪ್ರಶ್ನೆ ಕೇಳೋದನ್ನೇ ಎರಡು ವರ್ಷ ಓದಿ ಪದವಿ ತಗೊಂಡವನು ನಾನು. 12,000 ಅಂದಾಗ ‘ಯಾಕೆ?’ ಅಂತ ನನ್ನ ಬಾಯಲ್ಲಿ ಬರಲಿಲ್ಲ. ಕೇಳಿದ್ದು ಅಪ್ಪ.

ಅಣ್ಣ ಈಗ ದಿನಾ ಹೊರಡೋ ಮುಂಚೆ ಮುಚ್ಚಳ ತೆಗೆದು ಡಬ್ಬ ನೋಡ್ತಾನೆ. ಕೆರೆ ಕಟ್ಟೆಯ ವಿಷಯ ಅಮ್ಮನಿಗೆ ಇನ್ನೂ ಹೇಳಿಲ್ಲ. ಇದನ್ನು ಓದಿದವರು ಯಾರಾದರೂ ನಮ್ಮ ಮನೆಗೆ ಬಂದರೆ, ದಯವಿಟ್ಟು ನೀವೂ ಹೇಳಬೇಡಿ.