ಮರುಭೂಮಿಯ ಕಿರುದಾರಿಗಳು

ಪಯಣವೆಂದೊಡನೆ ದೂರವನ್ನು ಕುರಿತು ಕೇಳುವುದು ಲೋಕದ ರೂಢಿ. ಎಷ್ಟು ಹರದಾರಿ ನಡೆದಿರಿ, ಎಷ್ಟು ಎತ್ತರ ಏರಿದಿರಿ ಎಂಬ ಪ್ರಶ್ನೆಗಳ ನಡುವೆ, ಏನನ್ನು ಕಂಡಿರಿ ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ಆದರೆ ಒಂದೆರಡು ಕಿಲೋಮೀಟರಿನೊಳಗೆ ಮುಗಿದುಹೋಗುವ ದಾರಿಗಳೂ ಉಂಟು. ಅಲ್ಲಿ ಕಾಲಿಗಿಂತ ಕಣ್ಣಿಗೆ ಕೆಲಸ ಹೆಚ್ಚು. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ದಕ್ಷಿಣ ಭಾಗದಲ್ಲಿರುವ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನದಲ್ಲಿ ಅಂತಹ ಕಿರುದಾರಿಗಳು ಹಲವಿವೆ. ಸುಮಾರು 3,200 ಚದರ ಕಿಲೋಮೀಟರ್ ವಿಸ್ತಾರದ ಈ ನೆಲದಲ್ಲಿ ಎರಡು ಮರುಭೂಮಿಗಳು ಸಂಧಿಸುತ್ತವೆ. ಎತ್ತರದಲ್ಲಿ ತುಸು ತಂಪಾದ ಮೊಹಾವಿ, ತಗ್ಗಿನಲ್ಲಿ ಹೆಚ್ಚು ಬಿಸಿಯಾದ ಕೊಲೊರಾಡೊ.

ಮಠದ ಶಾಲೆಯೊಂದರಲ್ಲಿ ಮೂರು ದಶಕಗಳಿಗೂ ಮಿಕ್ಕು ಭೂಗೋಳವನ್ನು ಬೋಧಿಸಿ ನಿವೃತ್ತರಾದ ಅಧ್ಯಾಪಕರೊಬ್ಬರು, ಲಾಸ್ ಏಂಜಲೀಸ್ ನಗರದಲ್ಲಿ ನೆಲೆಸಿದ ಮಗಳ ಮನೆಗೆ ಹೋಗಿದ್ದಾಗ, ಒಂದು ಫೆಬ್ರವರಿಯಲ್ಲಿ ಈ ಉದ್ಯಾನವನ್ನು ಕಂಡರು. ವರ್ಷಕ್ಕೆ 25 ಸೆಂಟಿಮೀಟರಿಗಿಂತ ಕಡಿಮೆ ಮಳೆ ಬೀಳುವ ಪ್ರದೇಶವೇ ಮರುಭೂಮಿ ಎಂದು ಅದೆಷ್ಟೋ ತಂಡಗಳ ಮಕ್ಕಳಿಗೆ ಅವರು ಬರೆಯಿಸಿದ್ದರು. ಮರುಭೂಮಿಯಲ್ಲಿ ಕಾಲಿಟ್ಟವರಲ್ಲ. ವಯಸ್ಸು ಎಪ್ಪತ್ತು ದಾಟಿತ್ತು. ಮೊಣಕಾಲು ಹಟ ಮಾಡುತ್ತಿತ್ತು. ಬರಿಯ ಮರಳನ್ನು ನೋಡಲು ಅಷ್ಟು ದೂರ ಹೋಗಬೇಕೆ ಎಂದು ಅವರು ಮೊದಲು ಸಂಕೋಚಪಟ್ಟರಂತೆ. ಕಿರುದಾರಿಗಳು ಮಾತ್ರ ಎಂದು ಮಗಳು ಭರವಸೆ ಕೊಟ್ಟ ಮೇಲೆ ಒಪ್ಪಿದರು.

ಮೊದಲನೆಯದು ಹಿಡನ್ ವ್ಯಾಲಿ ಎಂಬ ದಾರಿ. ಸುತ್ತಿ ಬಂದರೆ ಸುಮಾರು 1.6 ಕಿಲೋಮೀಟರ್. ಬಂಡೆಗಳ ನಡುವಣ ಕಿರಿದಾದ ಬಾಗಿಲೊಂದನ್ನು ದಾಟಿದರೆ, ಸುತ್ತಲೂ ಕಲ್ಲಿನ ಕೋಟೆ ಇರುವ ಬಯಲು ತೆರೆದುಕೊಳ್ಳುತ್ತದೆ. ಅಲ್ಲಿ ಅಧ್ಯಾಪಕರು ಹುಡುಕಿದ ಮರಳಗುಡ್ಡ ಒಂದೂ ಇರಲಿಲ್ಲ. ಇದ್ದುದು ಗ್ರಾನೈಟ್ ಜಾತಿಯ ಶಿಲೆ. ಹತ್ತು ಕೋಟಿ ವರ್ಷಗಳಿಗೂ ಹಿಂದೆ ನೆಲದಾಳದಲ್ಲಿ ಶಿಲಾರಸ ನಿಧಾನವಾಗಿ ತಣಿದು ಗಟ್ಟಿಯಾಯಿತು. ಅದರ ಬಿರುಕುಗಳಲ್ಲಿ ಅಂತರ್ಜಲ ಇಳಿದು ಅಂಚುಗಳನ್ನು ಸವೆಯಿಸಿತು. ಮೇಲಿನ ಮಣ್ಣು ಕೊಚ್ಚಿಹೋದಾಗ ದುಂಡನೆಯ ಬಂಡೆಗಳು ಒಂದರ ಮೇಲೊಂದು ಉಳಿದವು. ನೀರಿಲ್ಲದ ನಾಡಿನ ಈ ರೂಪವೆಲ್ಲ ಬಹುಮಟ್ಟಿಗೆ ನೀರಿನದೇ ಕೆಲಸ. ತಾವು ಬರೆಯಿಸಿದ ವ್ಯಾಖ್ಯೆ ತಪ್ಪಲ್ಲ, ಆದರೆ ಅದು ಬಾಗಿಲು ಮಾತ್ರ, ಮನೆಯಲ್ಲ ಎಂದು ಅವರಿಗೆ ಅಲ್ಲಿ ತೋರಿತು.

ಎರಡನೆಯದು ಬಾರ್ಕರ್ ಡ್ಯಾಮ್ ದಾರಿ. ಇದೂ ಎರಡು ಕಿಲೋಮೀಟರಿಗೆ ಒಳಗೆ. ದನಗಳಿಗೆ ನೀರು ಒದಗಿಸಲೆಂದು 1900ರ ಸುಮಾರಿಗೆ ಪಶುಪಾಲಕರು ಕಟ್ಟಿದ ಪುಟ್ಟ ಕಟ್ಟೆ ಅಲ್ಲಿದೆ. ಮಳೆಯಾದರೆ ತುಂಬುತ್ತದೆ, ಇಲ್ಲವಾದರೆ ಒಣಗಿ ಬಿರಿಯುತ್ತದೆ. ಅವರಿಗೂ ಬಹಳ ಮೊದಲೇ ಸೆರ್ರಾನೊ, ಕಹುವಿಯ, ಚೆಮೆಹುವಿ, ಮೊಹಾವಿ ಜನರು ಈ ಪ್ರದೇಶದಲ್ಲಿ ನೀರಿನ ನೆಲೆಗಳನ್ನು ಅರಿತು ಬಾಳಿದ್ದರು. ಕೆರೆಕಟ್ಟೆಗಳ ನಾಡಿನಿಂದ ಹೋದ ಅಧ್ಯಾಪಕರು ಆ ಕಟ್ಟೆಯ ಬಳಿ ಬಹಳ ಹೊತ್ತು ನಿಂತರು.

ಉದ್ಯಾನಕ್ಕೆ ಹೆಸರು ಕೊಟ್ಟ ಜೋಶುವಾ ಮರ ಈ ದಾರಿಗಳ ಇಕ್ಕೆಲಗಳಲ್ಲಿಯೂ ನಿಂತಿದೆ. ಅದು ಕಳ್ಳಿಯಲ್ಲ, ಯಕ್ಕ ಎಂಬ ಕುಲಕ್ಕೆ ಸೇರಿದ್ದು. ಅದರ ಕಾಂಡದಲ್ಲಿ ವರ್ಷವಳಯಗಳಿಲ್ಲವಾದ್ದರಿಂದ ಎತ್ತರವನ್ನು ನೋಡಿ ವಯಸ್ಸನ್ನು ಊಹಿಸಬೇಕು. ಅದರ ಹೂವಿಗೆ ಪರಾಗಸ್ಪರ್ಶ ಮಾಡುವುದು ಯಕ್ಕ ಪತಂಗವೊಂದೇ. ಹೆಣ್ಣು ಪತಂಗ ಪರಾಗವನ್ನು ಉಂಡೆಗಟ್ಟಿ ಒಯ್ದು, ಹೂವಿನ ಅಂಡಾಶಯದಲ್ಲಿ ಮೊಟ್ಟೆಯಿಟ್ಟು, ಬಳಿಕ ಪರಾಗವನ್ನು ತಾನೇ ಶಲಾಕಾಗ್ರಕ್ಕೆ ಲೇಪಿಸುತ್ತದೆ. ಹುಟ್ಟಿದ ಮರಿಗಳು ಬೀಜಗಳಲ್ಲಿ ಕೆಲವನ್ನು ತಿನ್ನುತ್ತವೆ. ಮಿಕ್ಕವು ಮರಕ್ಕೆ ಉಳಿಯುತ್ತವೆ. ಇದು ಮರದ ದಾಸೋಹವೇ ಅಲ್ಲವೇ ಎಂದು ಮಗಳು ಕೇಳಿದಳು. ಅಧ್ಯಾಪಕರು ಒಪ್ಪಲಿಲ್ಲ. ಇಲ್ಲಿ ಕೊಟ್ಟುದಕ್ಕೆ ಪ್ರತಿಯಾಗಿ ಪಡೆಯುವುದಿದೆ. ದಾಸೋಹದಲ್ಲಿ ಆ ಲೆಕ್ಕವಿಲ್ಲ. ಆದರೆ ತಿನ್ನುವವನು ಎಲ್ಲವನ್ನೂ ತಿಂದುಬಿಡದ ಸಂಯಮವನ್ನು ಮಾತ್ರ ಇದರಿಂದ ಕಲಿಯಬಹುದು ಎಂದರು.

ಮರುದಿನ ಅವರಿಗೆ ಹುರುಪು ಹೆಚ್ಚಿತು. ರಯಾನ್ ಬೆಟ್ಟವನ್ನು ಏರುವುದಾಗಿ ಹೇಳಿದರು. ಹೋಗಿಬರಲು ಸುಮಾರು 4.8 ಕಿಲೋಮೀಟರ್, ಆದರೆ ಏರು 320 ಮೀಟರ್, ಕಲ್ಲಿನ ಮೆಟ್ಟಿಲುಗಳ ಕಡಿದಾದ ದಾರಿ. ಉದ್ಯಾನದ ಒಳಭಾಗದಲ್ಲಿ ಕುಡಿಯುವ ನೀರು ದೊರೆಯುವುದಿಲ್ಲ. ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್ ನೀರನ್ನು ಹೊತ್ತೇ ಹೋಗಬೇಕು. ತಂದ ನೀರಿನಲ್ಲಿ ಅರ್ಧ ಮುಗಿಯುವ ಮೊದಲೇ ಹಿಂದಿರುಗಬೇಕೆಂಬುದು ಮರುಭೂಮಿಯಲ್ಲಿ ನಡೆಯುವವರ ನಿಯಮ. ಅರ್ಧದಾರಿಯನ್ನು ತುಸು ದಾಟಿದಾಗ ಅಧ್ಯಾಪಕರ ನೀರು ಅರ್ಧಕ್ಕೆ ಇಳಿದಿತ್ತು, ಮೊಣಕಾಲು ನಡುಗುತ್ತಿತ್ತು. ಶಿಖರ ಕಣ್ಣೆದುರಿನಲ್ಲಿಯೇ ಇತ್ತು. ಹಿಡಿದ ಕೆಲಸವನ್ನು ನಡುವೆ ಬಿಡಬಾರದೆಂದು ಜೀವಮಾನವೆಲ್ಲ ಮಕ್ಕಳಿಗೆ ಹೇಳಿದವರು ಅವರು. ಮಗಳು ಏನೂ ಹೇಳಲಿಲ್ಲ; ತಂದೆಯ ಮುಖವನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತು ಬಂಡೆಯ ನೆರಳಿನಲ್ಲಿ ಕುಳಿತು, ಅವರು ಇಳಿಯುವ ದಾರಿಗೆ ತಿರುಗಿದರು. ಇಳಿಯುವಾಗ ಒಂದೇ ಮಾತನ್ನಾಡಿದರು: ಕೆಲಸವನ್ನು ಬಿಡಬೇಡಿರೆಂದು ಹೇಳಿದೆ, ಎಲ್ಲಿ ನಿಲ್ಲಬೇಕೆಂಬುದೂ ಆ ಕೆಲಸದ ಒಂದು ಭಾಗವೆಂದು ಹೇಳುವುದು ಉಳಿದಿತ್ತು.

ನಿಲ್ಲುವುದನ್ನು ಅರಿಯದ ಕೈಗಳಿಂದಲೇ ಈ ನಾಡು ಒಮ್ಮೆ ಬರಿದಾಗುತ್ತಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ನಗರಗಳ ತೋಟಗಳಿಗಾಗಿ ಇಲ್ಲಿನ ಗಿಡಗಳನ್ನು ಅಗೆದು ಸಾಗಿಸುತ್ತಿದ್ದರು. ಮಗ ಮತ್ತು ಪತಿಯನ್ನು ಕಳೆದುಕೊಂಡ ಮಿನರ್ವಾ ಹಾಯ್ಟ್ ಎಂಬ ಮಹಿಳೆ ಈ ಮರುಭೂಮಿಯ ರಕ್ಷಣೆಗೆ ತಮ್ಮನ್ನು ಮುಡಿಪಾಗಿಟ್ಟರು. ಅವರ ಪ್ರಯತ್ನದ ಫಲವಾಗಿ 1936ರಲ್ಲಿ ಇದು ರಾಷ್ಟ್ರೀಯ ಸ್ಮಾರಕವಾಯಿತು. 1994ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಆದರೂ ಆತಂಕ ನೀಗಿಲ್ಲ. ಹೊರಗಿನಿಂದ ಬಂದ ಹುಲ್ಲು ಹರಡಿ ಬೆಂಕಿಗೆ ಆಹಾರವಾಗುತ್ತಿದೆ. 2020ರ ಆಗಸ್ಟ್ ತಿಂಗಳಲ್ಲಿ, ಉತ್ತರಕ್ಕಿರುವ ಮೊಹಾವಿ ರಕ್ಷಿತ ಪ್ರದೇಶದ ಕಾಳ್ಗಿಚ್ಚಿನಲ್ಲಿ ಸುಮಾರು 13 ಲಕ್ಷ ಜೋಶುವಾ ಮರಗಳು ನಾಶವಾದವೆಂದು ಅಂದಾಜು ಮಾಡಲಾಗಿದೆ. ಈ ಮರದ ರಕ್ಷಣೆಗಾಗಿ ಕ್ಯಾಲಿಫೋರ್ನಿಯ ರಾಜ್ಯ 2023ರಲ್ಲಿ ಪ್ರತ್ಯೇಕ ಶಾಸನವನ್ನೇ ಮಾಡಿತು.

ಕೊನೆಯ ಸಂಜೆ ಅಧ್ಯಾಪಕರು ಕಂಡದ್ದು ಚೋಯ ಕಳ್ಳಿಗಳ ತೋಟವನ್ನು. ದಾರಿ ಕೇವಲ 400 ಮೀಟರ್, ಸಮತಟ್ಟಾದ ನೆಲ. ದೂರಕ್ಕೆ ರೇಷ್ಮೆಯಂತೆ ಮೃದುವಾಗಿ ಕಾಣುವ ಮುಳ್ಳುಗಳು, ತಾಕಿದರೆ ತುಂಡುಸಹಿತ ಬಟ್ಟೆಗೆ ಅಂಟಿಕೊಳ್ಳುತ್ತವೆ. ಕೆಳಗೆ ಬಿದ್ದ ತುಂಡು ಅಲ್ಲಿಯೇ ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ಇಳಿಬಿಸಿಲು ಮುಳ್ಳುಗಳ ಮೇಲೆ ಬಿದ್ದು ತೋಟವೆಲ್ಲ ಹೊಂಬಣ್ಣ ತಳೆದಿತ್ತು. ಯುವಕರು ಐದು ನಿಮಿಷದಲ್ಲಿ ಸುತ್ತಿ ಹೋಗುವ ಆ ದಾರಿಗೆ ಅಧ್ಯಾಪಕರು ಒಂದು ಗಂಟೆ ತೆಗೆದುಕೊಂಡರು. ದಾರಿಯ ಫಲಕಗಳನ್ನೆಲ್ಲ ಓದಿದರು. ಹೊಸದಾಗಿ ಬೇರು ಬಿಟ್ಟ ತುಂಡುಗಳನ್ನು ಬಗ್ಗಿ ನೋಡಿದರು. ಮಗಳು ವಾಹನದ ಬಳಿ ಕಾಯುತ್ತಿದ್ದಳು, ಅವಸರಪಡಿಸಲಿಲ್ಲ. ಹಿಂದಿರುಗಿ ಬಂದಾಗ ಅವರ ಸೀಸೆಯಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ನೀರಿತ್ತು.