ಅರ್ಧ ಬಾವಿಯ ಮನೆ

ಚಾಮರಾಜಪೇಟೆಯಲ್ಲಿ ಒಂದು ಮನೆ ನೋಡಿದ್ದೇವೆ. ನೋಡಿದ್ದೇವೆ ಅಷ್ಟೆ, ಇನ್ನೂ ಸಿಕ್ಕಿಲ್ಲ. ಈ ಹತ್ತು ದಿನದಲ್ಲಿ ಆಫೀಸಿನವರು, ಅಮ್ಮ, ಕೊನೆಗೆ ಮೆಟ್ರೋದಲ್ಲಿ ಪಕ್ಕ ಕೂತ ಅಪರಿಚಿತರು, ಎಲ್ಲರ ತಲೆಯನ್ನೂ ಆ ಮನೆಯ ವಿಷಯ ಹೇಳಿ ತಿಂದಾಗಿದೆ. ಇನ್ನು ಉಳಿದಿರೋದು ನೀವು :)

ನಾವು ಅಂದರೆ ಹಾಸನದಲ್ಲಿ ಎಂಜಿನಿಯರಿಂಗ್ ಓದುವಾಗ ಒಂದೇ ರೂಮಿನಲ್ಲಿ ಬಿದ್ದುಕೊಂಡಿದ್ದ ನಾಲ್ಕು ಜನ. ಲಂಬು, ಸಾಹುಕಾರ (ಜೇಬಲ್ಲಿ ಯಾವತ್ತೂ ಹತ್ತು ರೂಪಾಯಿ ಇರುತ್ತಿರಲಿಲ್ಲ, ಅದಕ್ಕೇ ಆ ಹೆಸರು), ಡಾಕ್ಟ್ರು (ಹೊಟ್ಟೆನೋವಿಗೂ ಪ್ಯಾರಾಸಿಟಮಾಲ್ ಕೊಡುತ್ತಿದ್ದ), ಮತ್ತೆ ನಾನು. ಬೆಂಗಳೂರಿಗೆ ಬಂದ ಮೇಲೆ ಒಬ್ಬ ವೈಟ್‌ಫೀಲ್ಡ್, ಒಬ್ಬ ಹೆಬ್ಬಾಳ, ಒಬ್ಬ ಬೊಮ್ಮನಹಳ್ಳಿ ಅಂತ ಹಂಚಿಹೋದೆವು. ಒಂದೇ ಊರಲ್ಲಿದ್ದುಕೊಂಡು ವರ್ಷಕ್ಕೆ ಎರಡು ಸಲ ಸೇರಿದರೆ ಹೆಚ್ಚು, ಅದೂ ಯಾರದ್ದಾದರೂ ಮದುವೆಯಲ್ಲಿ.

ಈಗ ಮನೆಯ ವಿಷಯ. ಚಾಮರಾಜಪೇಟೆ 1892ರಲ್ಲಿ ಹಳೇ ಪೇಟೆಯ ಹೊರಗೆ ಅಚ್ಚುಕಟ್ಟಾಗಿ ಗೆರೆ ಎಳೆದು ಕಟ್ಟಿದ ಬಡಾವಣೆ. ಉದ್ದುದ್ದ ರಸ್ತೆಗಳು, ಮನೆಗಳ ಸಾಲಿನ ಹಿಂದೆ ಸಣ್ಣ ಓಣಿಗಳು. ಮಲ ಹೊರುವವರು ಮನೆಯ ಹಿಂದಿನಿಂದಲೇ ಬಂದು ಹೋಗಲಿ ಅಂತ ಮಾಡಿದ ಓಣಿಗಳವು. ಇವತ್ತು ಅಲ್ಲಿ ಸ್ಕೂಟರ್ ನಿಲ್ಲಿಸುತ್ತಾರೆ. ಕನ್ನಡ ಸಾಹಿತ್ಯ ಪರಿಷತ್ತಿಗೂ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿಗೂ ಈ ಮನೆಯಿಂದ ನಡೆದೇ ಹೋಗಬಹುದು. ನಾನು ಎರಡನೆಯದಕ್ಕೇ ಜಾಸ್ತಿ ಹೋಗುವವನು ಅಂತ ನಿಮಗೆ ಗೊತ್ತೇ ಇದೆ.

ಮನೆಗೆ ಮಂಗಳೂರು ಹೆಂಚು, ಕೆಂಪು ಗಾರೆ ನೆಲ. ಮುಂದಿನ ಕಿಟಕಿಯ ಮೇಲೆ ಮರದ ಪಟ್ಟಿಗಳ ಚೂಪು ಟೋಪಿ. ಹಳೇ ಬೆಂಗಳೂರಿನ ಮನೆಗಳ ಗುರುತು ಅದು, ಮಂಕಿ ಟಾಪ್ ಅಂತಾರೆ. ಇಷ್ಟು ಎಲ್ಲಾ ಹಳೇ ಮನೆಯಲ್ಲೂ ಇರುತ್ತೆ ಬಿಡಿ. ಇದರ ತಮಾಷೆ ಒಳಗಿದೆ. ಅಣ್ಣ ತಮ್ಮಂದಿರು ಯಾವತ್ತೋ ಪಾಲಾದಾಗ ಮನೆಯ ನಟ್ಟನಡುವೆ ಗೋಡೆ ಎಬ್ಬಿಸಿದ್ದಾರೆ. ಹಜಾರದ ಕಮಾನು ಅರ್ಧಕ್ಕೆ ಬಂದು ಗೋಡೆಗೆ ತಲೆ ಗುದ್ದಿ ನಿಂತಿದೆ. ತೂಗುಮಣೆಗೆ ತೊಲೆಗೆ ಹೊಡೆದ ನಾಲ್ಕು ಕೊಂಡಿಗಳಲ್ಲಿ ಎರಡು ಈ ಕಡೆ, ಎರಡು ಆ ಕಡೆ. ಹಿತ್ತಲಿನ ಬಾವಿಯನ್ನೂ ಬಿಟ್ಟಿಲ್ಲ. ಬಾವಿಯ ಬಾಯಿಗೆ ಅಡ್ಡಲಾಗಿ ಕಲ್ಲುಚಪ್ಪಡಿ ಹಾಕಿ ಅದರ ಮೇಲೆ ಗೋಡೆ ಕಟ್ಟಿದ್ದಾರೆ. ಅರ್ಧಚಂದ್ರದ ಹಾಗೆ ಒಂದು ಬಾಯಿ ನಮಗೆ, ಇನ್ನೊಂದು ಅವರಿಗೆ. ಕೆಳಗೆ ನೀರು ಮಾತ್ರ ಒಂದೇ. ಆಚೆ ಭಾಗವನ್ನು ಅಗರಬತ್ತಿ ಗೋಡೌನಿಗೆ ಕೊಟ್ಟಿದ್ದಾರಂತೆ, ಬೆಳಕಿಂಡಿಯಿಂದ ಹೊತ್ತು ಮುಳುಗುವವರೆಗೂ ಮಲ್ಲಿಗೆ, ಗಂಧದ ವಾಸನೆ. ದೇವರಮನೆಯಲ್ಲೇ ಬಾಡಿಗೆಗಿದ್ದ ಹಾಗೆ!

ಕೋಣೆಗಳೋ, ರೈಲು ಬೋಗಿಯ ಥರ ಒಂದರ ಹಿಂದೆ ಒಂದು. ಓಡಾಡುವುದಕ್ಕೆ ಪಡಸಾಲೆ ಅಂತ ಬೇರೆ ಇಲ್ಲ. ಮೊದಲ ಕೋಣೆಯವನು ಬಚ್ಚಲುಮನೆಗೆ ಹೋಗಬೇಕೆಂದರೆ ಉಳಿದ ಮೂವರ ಹಾಸಿಗೆ ದಾಟಿಕೊಂಡೇ ಹೋಗಬೇಕು. ಸಾಹುಕಾರ ಇದನ್ನು ನೋಡಿದವನೇ, "ಲೇ, ಪ್ರೈವಸಿ ಅನ್ನೋದೇ ಇಲ್ವಲ್ಲೋ ಇಲ್ಲಿ" ಅಂದ. ಇಲ್ಲ. ಅದಕ್ಕೇ ನನಗೆ ಈ ಮನೆ ಬೇಕು.

ಲಂಬು ಕೆಲಸ ಕಳಕೊಂಡು ಏಳು ತಿಂಗಳಾಯ್ತು. ಅವನ ಟೀಮಿಗೆ ಟೀಮನ್ನೇ ಒಂದು ಮಂಗಳವಾರ ಮೀಟಿಂಗಿಗೆ ಕರೆದು ತೆಗೆದುಹಾಕಿದರು. ಅವನಿದ್ದದ್ದು ಇಪ್ಪತ್ತೆರಡನೇ ಮಹಡಿಯ ಫ್ಲ್ಯಾಟು. ಜೊತೆಗಿದ್ದ ಇಬ್ಬರಿಗೆ ಇವನು ಮನೆಯಲ್ಲೇ ಇದ್ದಾನೆ ಅಂತ ಗೊತ್ತಾಗಿದ್ದು ಮೂರು ವಾರ ಆದ ಮೇಲೆ. ಅವರನ್ನು ದೂರಿ ಪ್ರಯೋಜನ ಇಲ್ಲ. ಪ್ರತಿ ಕೋಣೆಗೂ ಅಟ್ಯಾಚ್ಡ್ ಬಾತ್‌ರೂಮು, ಬಾಗಿಲಿಗೇ ಬರುವ ಊಟ, ಬೆರಳಿಟ್ಟರೆ ತೆಗೆಯುವ ಬೀಗ. ಒಬ್ಬ ಮನುಷ್ಯ ತಿಂಗಳುಗಟ್ಟಲೆ ಯಾರಿಗೂ ಮುಖ ತೋರಿಸದೆ ಇರುವುದಕ್ಕೆ ಏನೇನು ಬೇಕೋ ಅದೆಲ್ಲಾ ಅಲ್ಲಿತ್ತು. ಬಾಡಿಗೆ ಕಟ್ಟಲಾಗದೆ ಊರಿಗೆ ಹೋದ. ಅಲ್ಲಿ ಅವರಪ್ಪನ ಜೊತೆ ತೋಟಕ್ಕೆ ಹೋಗ್ತಾನಂತೆ, ಬರ್ತಾನಂತೆ. ನಮ್ಮ ಫೋನ್ ಮಾತ್ರ ಎತ್ತುವುದಿಲ್ಲ. ರಾತ್ರಿ ಒಂದು ಗಂಟೆಗೆ "ಚೆನ್ನಾಗಿದೀನಿ" ಅಂತ ಮೆಸೇಜ್ ಬರುತ್ತೆ. ಚೆನ್ನಾಗಿರೋರು ಒಂದು ಗಂಟೆಗೆ ಯಾಕೆ ಮೆಸೇಜ್ ಮಾಡ್ತಾರೆ ಹೇಳಿ?

ಆಮೇಲೆ ಲೆಕ್ಕ ಹಾಕಿದೆವು. ಬಾಡಿಗೆ ಇಪ್ಪತ್ತೇಳು ಸಾವಿರ. ಅಡ್ವಾನ್ಸು ಬೆಂಗಳೂರಿನ ಹಳೇ ಸಂಪ್ರದಾಯದಂತೆ ಹತ್ತು ತಿಂಗಳದ್ದು, ಅಂದರೆ ಎರಡು ಲಕ್ಷದ ಎಪ್ಪತ್ತು ಸಾವಿರ. (ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳಬಾರದು ಅಂತ ಕೇಂದ್ರ ಸರ್ಕಾರ 2021ರಲ್ಲಿ ಒಂದು ಮಾದರಿ ಕಾಯ್ದೆ ಮಾಡಿತ್ತು. ಮಾದರಿ ಮಾದರಿಯಾಗೇ ಇದೆ.) ಮೂರು ಜನ ಹಂಚಿಕೊಂಡರೆ ತಲೆಗೆ ಬಾಡಿಗೆ ಒಂಬತ್ತು ಸಾವಿರ, ನಾಲ್ಕನೆಯವನು ಕೆಲಸ ಸಿಗುವವರೆಗೆ ಅಡುಗೆ ನೋಡಿಕೊಳ್ಳಲಿ. ಲಂಬು ಮಾಡೋ ಬಸ್ಸಾರಿಗೆ ಇದು ಏನೇನೂ ಅಲ್ಲ. ಇದರಲ್ಲಿ ಧರ್ಮ ಗಿರ್ಮ ಏನಿಲ್ಲ ಅಂತ ಅವನಿಗೆ ಅರ್ಥ ಮಾಡಿಸುವುದೇ ಕಷ್ಟ.

ಅದಕ್ಕಿಂತ ಕಷ್ಟ ಮನೆಯ ಯಜಮಾನಿ. ಎಂಬತ್ತರ ಹತ್ತಿರದ ಅಜ್ಜಿ. ಈಗ ಮಗಳ ಮನೆಯಲ್ಲಿದ್ದಾರೆ, ನಮಗೆ ತೋರಿಸೋಕೆ ಅಂತ ಆಟೋದಲ್ಲಿ ಬಂದಿದ್ದರು. ಮದುವೆಯಾಗದ ಹುಡುಗರು ಅಂದ ಕೂಡಲೇ ಎಲ್ಲರ ಮುಖ ಬದಲಾಗುವ ಹಾಗೆ ಇವರದ್ದೂ ಬದಲಾಯ್ತು.

"ಗಲಾಟೆ ಮಾಡ್ತೀರೇನಪ್ಪಾ?"

"ಇಲ್ಲ ಅಜ್ಜಿ."

"ಬಾವಿಗೆ ಪ್ಲಾಸ್ಟಿಕ್ಕು ಗೀಸ್ಟಿಕ್ಕು ಹಾಕಿದ್ರೆ ಅವತ್ತೇ ಖಾಲಿ ಮಾಡಿಸ್ತೀನಿ."

"ಇಲ್ಲ ಅಜ್ಜಿ."

ಬಿಲ್ಡರೊಬ್ಬ ವಾರಕ್ಕೊಮ್ಮೆ ಬಂದು ಎರಡೂ ಪಾಲು ಸೇರಿಸಿ ಕೊಟ್ಟರೆ ಮಗಳಿಗೊಂದು, ಅಜ್ಜಿಗೊಂದು ಫ್ಲ್ಯಾಟು ಅಂತಾನಂತೆ. ಮೈದುನನ ಮಕ್ಕಳು ಆಗಲೇ ಹೂಂ ಅಂದಿದ್ದಾರೆ. ಅಜ್ಜಿ ಅಂದಿಲ್ಲ. "ಮನೆ ಖಾಲಿ ಬಿದ್ದಿದ್ರೆ ನಾನೂ ಹೂಂ ಅಂದ್ಬಿಡ್ತೀನೇನೋ ಅಂತ ಭಯ ಕಣಪ್ಪಾ" ಅಂದರು, ಬಾಗಿಲಿನ ಅಗುಳಿ ಸರಿಸುತ್ತಾ. ಸಾಹುಕಾರ, ಸದಾ ಏನಾದರೊಂದು ಹೇಳುವವನು, ಅವತ್ತು ಸುಮ್ಮನಿದ್ದ.

ಸಿಕ್ಕರೂ ಹನ್ನೊಂದು ತಿಂಗಳಿಗೇ. ವರ್ಷ ದಾಟುವ ಕರಾರಾದರೆ ಕಡ್ಡಾಯವಾಗಿ ನೋಂದಣಿ ಮಾಡಿಸಬೇಕು ಅಂತ 1908ರ ಕಾಯ್ದೆ ಹೇಳುತ್ತೆ, ಅದಕ್ಕೇ ಊರೆಲ್ಲಾ ಹನ್ನೊಂದು. ಡಾಕ್ಟ್ರಿಗೆ ಆ ಹೊತ್ತಿಗೆ ಮದುವೆ ನಿಶ್ಚಯವಾಗಿರುತ್ತೆ. ಮಾಡಿನಲ್ಲಿ ಎರಡು ಕಡೆ ಸೋರುತ್ತೆ. ಬಚ್ಚಲಲ್ಲಿ ಗೀಸರ್ ಇಲ್ಲ, ಗೋಡೆಗೆ ಹುಗಿದ ತಾಮ್ರದ ಹಂಡೆ ಇದೆ. ಎಲ್ಲಾ ಗೊತ್ತು. ಹನ್ನೊಂದು ತಿಂಗಳು ಅಂದರೆ ನಮ್ಮ ಎರಡು ಸೆಮಿಸ್ಟರ್, ಅದರಲ್ಲಿ ಏನೇನು ನಡೀಬಹುದು ಅಂತ ಹಾಸ್ಟೆಲಲ್ಲಿ ಇದ್ದವರಿಗೆ ಹೇಳಬೇಕಾಗಿಲ್ಲ.

ಮೊನ್ನೆ ರಾತ್ರಿ ಲಂಬುಗೆ ಬಾವಿಯ ಫೋಟೋ ಕಳಿಸಿದೆ. ಜೊತೆಗೆ ಏನೂ ಬರೆಯಲಿಲ್ಲ. ಹತ್ತು ನಿಮಿಷಕ್ಕೆ ಫೋನೇ ಬಂತು. ಹಲೋ ಇಲ್ಲ, ಏನಿಲ್ಲ.

"ಆ ಕಡೆಯವರು ಕೊಡ ಬಿಟ್ರೆ ಹಗ್ಗ ಹಗ್ಗ ಸಿಕ್ಕಿಹಾಕ್ಕೊಳ್ಳಲ್ವೇನೋ?"

"ಗೊತ್ತಿಲ್ಲ ಮಾರಾಯ, ಬಂದು ನೋಡು" ಅಂದೆ.

ಭಾನುವಾರ ನಾಲ್ಕೂ ಜನ ಬನ್ನಿ, ಮುಖ ನೋಡಿ ಹೇಳ್ತೀನಿ ಅಂದಿದ್ದಾರೆ ಅಜ್ಜಿ. ರಾಹುಕಾಲ ಸಂಜೆ ನಾಲ್ಕೂವರೆಗೆ ಶುರು, ಅದಕ್ಕೆ ಬೆಳಿಗ್ಗೆ ಹತ್ತಕ್ಕೇ ಬರಬೇಕಂತೆ. ಲಂಬು ಶನಿವಾರ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸ್ತೀನಿ ಅಂದಿದ್ದಾನೆ. ಮಾಡಿಸಿದ್ದಾನೋ ಇಲ್ಲವೋ ಕೇಳೋಕೆ ಧೈರ್ಯ ಸಾಲುತ್ತಿಲ್ಲ.

ಅಂದಹಾಗೆ, ಹಂಡೆ ಒಲೆ ಹೊಗೆಯಾಡದ ಹಾಗೆ ಹಚ್ಚೋದು ಹೇಗೆ ಅಂತ ನಿಮ್ಮಲ್ಲಿ ಮಲೆನಾಡಿನವರು ಯಾರಾದರೂ ಹೇಳಿಕೊಡ್ತೀರಾ?