ಡ್ರ್ಯಾಗನ್ ಇಲ್ಲದ ಮುಖಪುಟ

ಏಷ್ಯನ್ ಅಮೆರಿಕನ್ ಓದುಗರಿಗೊಂದು ಪತ್ರಿಕೆ ಎಂದೊಡನೆ ವಿನ್ಯಾಸಕಾರರ ಕೈ ಕಮಲ, ಡ್ರ್ಯಾಗನ್, ಕುಂಚದಲ್ಲಿ ಗೀಚಿದಂಥ ಇಂಗ್ಲಿಷ್ ಅಕ್ಷರಗಳ ಕಡೆಗೇ ಹೋಗುತ್ತದೆ. ಆ ಅಕ್ಷರಶೈಲಿಯ ಮೂಲ ಚೀನಾ ಅಲ್ಲ. 1883ರಲ್ಲಿ ಅದಕ್ಕೆ ಪೇಟೆಂಟ್ ಪಡೆದದ್ದು ಅಮೆರಿಕದ ಕ್ಲೀವ್‌ಲ್ಯಾಂಡಿನ ಅಚ್ಚುಮೊಳೆ ಕಾರ್ಖಾನೆ. ಎರಡು ಸಂಸ್ಕೃತಿಗಳನ್ನು ದಿನವೂ ಬೆರೆಸಿ ಬದುಕುವವರಿಗೆ ಅದು ಬಾಡಿಗೆ ವೇಷದಂತೆ ಕಂಡರೆ ಅಚ್ಚರಿಯಿಲ್ಲ. 1994ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಎರಿಕ್ ನಕಮುರಾ ಮತ್ತು ಮಾರ್ಟಿನ್ ವಾಂಗ್ ಜೆರಾಕ್ಸ್ ಪ್ರತಿಗಳಿಂದ ಶುರುಮಾಡಿದ ‘ಜೈಂಟ್ ರೋಬೋಟ್’ ಪತ್ರಿಕೆಯಲ್ಲಿ ಪಂಕ್ ಸಂಗೀತ, ಹಾಂಗ್‌ಕಾಂಗ್ ಸಿನಿಮಾ, ತಿಂಡಿತಿನಿಸು ಎಲ್ಲವೂ ಒಂದೇ ಪಂಕ್ತಿಯಲ್ಲಿ ಕೂತವು. ತಾನು ಯಾರೆಂದು ವಿವರಿಸುವ ಗೋಜಿಗೇ ಅದು ಹೋಗಲಿಲ್ಲ.

ಡ್ರ್ಯಾಗನ್ ಇಲ್ಲದಿದ್ದರೆ ಅಂಗಡಿಯ ಕಪಾಟಿನಲ್ಲಿ ಓದುಗ ಪತ್ರಿಕೆಯ ಗುರುತು ಹಿಡಿಯುವುದು ಹೇಗೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಸ್ಯಾನ್ ಫ್ರಾನ್ಸಿಸ್ಕೋದ ‘ಹೈಫನ್’ ಪತ್ರಿಕೆ ಹೆಸರಿನಲ್ಲೇ ಆ ಕೆಲಸ ಮುಗಿಸಿತು: ಎರಡು ಪದಗಳ ನಡುವಿನ ಪುಟ್ಟ ಅಡ್ಡಗೆರೆ! ನನ್ನ ತಕರಾರು ಇರುವುದು ಒಳಪುಟದ ಓರೆ ಅಕ್ಷರಗಳ ಬಗ್ಗೆ. ಕಿಮ್ಚಿ, ಫೋ, ದೋಸೆ ಎಂಬ ಪದಗಳನ್ನು ಓರೆಯಾಗಿಸಿದ ಕೂಡಲೇ ಮನೆಯ ಊಟ ಪರದೇಶದ್ದಾಗುತ್ತದೆ. ವಿಯೆಟ್ನಾಂ ಮೂಲದ ಓದುಗರಿಗೆ ದೋಸೆ ಗೊತ್ತಿರಬೇಕೆಂದಿಲ್ಲ, ನಿಜ. ಅದಕ್ಕೆ ವಾಕ್ಯದೊಳಗೇ ಒಂದು ಕಾವಲಿ, ಒಂದಿಷ್ಟು ಚಟ್ನಿ ಸಾಕು.